ಟ್ರಾಂಬೆಗೆ ಹೊರಟಿರುವ ವಿದ್ಯಾಳಿಗೆ

ಕಾರವಾರ

ಚಿ. ವಿದ್ಯಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆಗೆ ನೀನು ಆಯ್ಕೆಯಾದ ಸುದ್ದಿ ನಿನ್ನ ಅಪ್ಪನಿಂದ ತಿಳಿಯಿತು. ಮನೆಮನೆಗೆ ಪೇಢೆ ಹಂಚಿದೆವು. ನೆರೆಯವರು ಪೇಢೆ ತಿಂದು, ‘ಅಲ್ಲಿ ಕಾವಲು ಗಟ್ಟಿ ಇರುತ್ತದಲ್ಲ?’ ಎಂದು ಕೇಳಿದರು. ಕೈಗಾ ಅಣು ವಿದ್ಯುತ್ ಸ್ಥಾವರ ಹತ್ತಿರದಲ್ಲೇ ಇರುವಾಗ ನಮ್ಮವರಿಗೆ ಹೊಳೆಯುವ ಪ್ರಶ್ನೆಯೇ ಅದು. ನಿನಗೆ ಭೌತಶಾಸ್ತ್ರ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆದರೆ ಕಾವಲಿನ ಬಗ್ಗೆ ಬೇಲಿಯ ಹೊರಗಿನವನು ಹೇಳುವುದೂ ನಿನ್ನ ಕಿವಿಗೆ ಬಿದ್ದಿರಲಿ.

2009ರಲ್ಲಿ ನೀನು ಚಿಕ್ಕವಳು. ಆ ನವೆಂಬರ್‌ನಲ್ಲಿ ಕೈಗಾದ ಸುಮಾರು 55 ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣ ಸೂಸುವ ಹೈಡ್ರೋಜನ್‌ನ ಪ್ರಮಾಣ ಹೆಚ್ಚಾಗಿ ಕಂಡುಬಂತು. ರಿಯಾಕ್ಟರ್‌ನಲ್ಲಿ ಬಳಸಿದ, ಟ್ರಿಟಿಯಂ ಸೇರಿದ್ದ ಭಾರಜಲವನ್ನು ಯಾರೋ ಕುಡಿಯುವ ನೀರಿನ ಕೂಲರ್‌ಗೆ ಬೆರೆಸಿದ್ದರು. ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಅವರೇ ಇದು ಒಳಗಿನವರ ಕಿಡಿಗೇಡಿತನ ಎಂದರು. ಗೇಟಿನಲ್ಲಿ ಬಂದೂಕು ಹಿಡಿದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ (ಸಿಐಎಸ್‌ಎಫ್) ಯೋಧರು ಅಂದೂ ಇದ್ದರು. ಆದರೆ ಗುರುತಿನ ಚೀಟಿ ತೋರಿಸಿ ಒಳಹೋದವನನ್ನು ಅವರು ಹೇಗೆ ತಡೆಯಬೇಕು? ವಿಷಯವನ್ನು ಹೊರಗೆಡವಿದ್ದು ಯಾರಿಗೂ ಬೇಡವೆನಿಸುವ, ಮಾಮೂಲಿ ಮೂತ್ರ ಪರೀಕ್ಷೆ. ಅಂಥ ಬೇಸರದ ಕೆಲಸಗಳನ್ನು ನೀನು ಎಂದೂ ಹಗುರವಾಗಿ ಕಾಣಬೇಡ.

ಪರೀಕ್ಷೆಯಲ್ಲಿ ಗೊತ್ತಾದದ್ದು 24ರಂದು. ನಾವು ಪತ್ರಿಕೆಯಲ್ಲಿ ಓದಿದ್ದು ತಿಂಗಳ ಕೊನೆಗೆ. ನಡುವಿನ ಆ ನಾಲ್ಕೈದು ದಿನಗಳೇ ನಮ್ಮವರ ಮನಸ್ಸಿನಲ್ಲಿ ಕುಳಿತುಬಿಟ್ಟವು. ಯಾರ ಜೀವಕ್ಕೂ ಅಪಾಯವಾಗಲಿಲ್ಲ ಎಂಬುದು ನಿಜವೇ ಆಗಿದ್ದರೂ, ತಡವಾಗಿ ಬಂದ ನಿಜವನ್ನು ಮೀನು ಮಾರುಕಟ್ಟೆಯಲ್ಲಿ ಯಾರೂ ಪೂರ್ತಿ ನಂಬಲಿಲ್ಲ.

ಅಮೆರಿಕದವರ ಕಥೆ ಇನ್ನೂ ವಿಚಿತ್ರ. ಟೆನೆಸ್ಸಿಯ ಓಕ್ ರಿಡ್ಜ್‌ನಲ್ಲಿ ವೈ-12 ಎಂಬ, ಬಾಂಬಿಗೆ ಬೇಕಾದ ಸಂವರ್ಧಿತ ಯುರೇನಿಯಂ ಕೂಡಿಟ್ಟಿರುವ ಜಾಗವಿದೆ. 2012ರ ಜುಲೈ 28ರ ನಸುಕಿನಲ್ಲಿ ಮೂವರು ಶಾಂತಿವಾದಿಗಳು ಬೇಲಿಗಳನ್ನು ಕತ್ತರಿಸಿ ಒಳನುಗ್ಗಿ, ಉಗ್ರಾಣದ ಗೋಡೆಯ ಮೇಲೆಯೇ ಘೋಷಣೆ ಬರೆದರು. ಅವರಲ್ಲೊಬ್ಬರಾದ ಮೇಗನ್ ರೈಸ್ 82 ವರ್ಷದ ಕ್ರೈಸ್ತ ಸನ್ಯಾಸಿನಿ! ಅಲಾರಂ ಬಾರಿಸಿತ್ತು. ಆದರೆ ಗಾಳಿಗೂ ಪ್ರಾಣಿಗಳಿಗೂ ಬಾರಿಸುತ್ತಿದ್ದ ಅಲಾರಂ ಕೇಳಿ ಕೇಳಿ ಕಾವಲಿನವರ ಕಿವಿ ಜಡ್ಡುಗಟ್ಟಿತ್ತು. ಒಂದು ಮುಖ್ಯ ಕ್ಯಾಮೆರಾ ಸುಮಾರು ಆರು ತಿಂಗಳಿಂದ ಕೆಟ್ಟು ನಿಂತಿತ್ತು. ಸುತ್ತಿಗೆಯ ಸದ್ದು ಕೇಳಿದವರು ದುರಸ್ತಿ ನಡೆಯುತ್ತಿದೆ ಎಂದುಕೊಂಡರು. ಇಷ್ಟೆಲ್ಲ ಮರ್ಯಾದೆಗೇಡಿನ ವಿವರಗಳಿದ್ದ ತನಿಖಾ ವರದಿಯನ್ನು ಮುಂದಿನ ತಿಂಗಳೇ ಎಲ್ಲರಿಗೂ ಓದಲು ಕೊಟ್ಟರು ನೋಡು, ಅದನ್ನು ಮಾತ್ರ ನಾನು ಮೆಚ್ಚುತ್ತೇನೆ.

ದೊಡ್ಡ ಸ್ಥಾವರಗಳಿಗಷ್ಟೇ ಈ ಮಾತು ಎನ್ನಬೇಡ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಮೂಲೆಗೆ ಬಿದ್ದಿದ್ದ ವಿಕಿರಣ ಯಂತ್ರವೊಂದು 2010ರಲ್ಲಿ ಹರಾಜಾಗಿ ಮಾಯಾಪುರಿಯ ಗುಜರಿ ಅಂಗಡಿ ಸೇರಿತು. ಅದರೊಳಗಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ಒಬ್ಬ ಕೆಲಸಗಾರನ ಪ್ರಾಣ ತೆಗೆಯಿತು. ಕಳ್ಳತನ ನಡೆದೇ ಇರಲಿಲ್ಲ, ಮಾರಿದ್ದಕ್ಕೆ ರಸೀದಿಯೂ ಇದ್ದಿರಬೇಕು. ನಿನ್ನ ಪ್ರಯೋಗಾಲಯದ ದಾಸ್ತಾನು ಪುಸ್ತಕದಲ್ಲಿ ಹಿಂದಿನವರು ಬರೆದಿಟ್ಟದ್ದಕ್ಕೆ ಕಣ್ಣು ಮುಚ್ಚಿ ರುಜು ಹಾಕಬೇಡ. ವಸ್ತುವನ್ನು ಕಣ್ಣಾರೆ ನೋಡಿ ಹಾಕು. ಹಿರಿಯ ಅಧಿಕಾರಿ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇನ್ನು ಗುಟ್ಟಿನ ವಿಚಾರ. ಯಾವ ವಸ್ತು ಯಾವ ಕೋಣೆಯಲ್ಲಿದೆ, ಕಾವಲಿನವರ ಪಾಳಿ ಯಾವಾಗ ಬದಲಾಗುತ್ತದೆ ಎಂಬುದನ್ನು ನಾನು ಕೇಳಿದರೂ ಹೇಳಬೇಡ, ನಿನ್ನ ಅಪ್ಪನಿಗೂ ಹೇಳಬೇಡ. ಆದರೆ ಸೋರಿಕೆಯಾಯಿತೇ, ಯಾರಿಗೆ ಎಷ್ಟು ವಿಕಿರಣ ತಗುಲಿತು, ನದಿಯ ನೀರಿನಲ್ಲಿ, ಮೀನಿನಲ್ಲಿ ಏನು ಸಿಕ್ಕಿತು ಎಂಬುದು ಗುಟ್ಟಲ್ಲ. ಅದು ಸುತ್ತಲಿನ ಜನರಿಗೆ ಸೇರಿದ ಲೆಕ್ಕ. ಇಲಾಖೆಯ ಮುಖ ಉಳಿಸಲು ಈ ಎರಡನೆಯದನ್ನೂ ಮೊದಲನೆಯದರ ಕಡತದೊಳಗೆ ತುರುಕುವವರು ನಿನಗೆ ಸಿಗುತ್ತಾರೆ. ಅವರ ಜೊತೆ ಜಗಳವಾಡಬೇಕಿಲ್ಲ. ನಿನ್ನ ಆಕ್ಷೇಪವನ್ನು ಬರಹದಲ್ಲಿ ಕೊಟ್ಟು, ಸ್ವೀಕೃತಿ ಪಡೆದುಕೋ.

ಮುಂಬೈಯಲ್ಲಿ ಮಳೆ ಜೋರು, ಗಟ್ಟಿ ಕೊಡೆ ಕೊಂಡುಕೋ. ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಳುಹಿಸುತ್ತಿದ್ದಾಳೆ. ತಲುಪಿದ ಕೂಡಲೇ ಪತ್ರ ಬರೆ.

ಇಂತು ನಿನ್ನ
ದೊಡ್ಡಪ್ಪ