ಚಕ್ಕುಲಿ ಡಬ್ಬಿಯ ಜೊತೆ ಒಂದು ಪೆನ್‌ಡ್ರೈವ್

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಮೂರು ಲ್ಯಾಪ್‌ಟಾಪಿನ ಪಟ್ಟಿ ನೋಡಿದೆ. ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ಫೋನಿನಲ್ಲಿ ನಾನು ಹೇಳುವುದು, ನೀನು "ಹೂಂ ಅಮ್ಮ, ಹೂಂ ಅಮ್ಮ" ಅನ್ನುವುದು, ಆಮೇಲೆ ಇಬ್ಬರಿಗೂ ಸಿಟ್ಟು ಬರುವುದು. ಮೊನ್ನೆ ಆಗಿದ್ದೂ ಅದೇ ಅಲ್ವಾ? ನಾಳೆ ಪಕ್ಕದ ಮನೆಯವರು ಮೈಸೂರಿಗೆ ಹೊರಟಿದ್ದಾರೆ. ಅವರ ಕೈಲಿ ಚಕ್ಕುಲಿ ಡಬ್ಬಿ ಕಳಿಸುತ್ತಿದ್ದೇನೆ, ಅದರ ಜೊತೆ ಈ ಕಾಗದ. ಸ್ಟುಡಿಯೋದಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯೆ ಮಧ್ಯೆ ಪಾಸ್‌ಪೋರ್ಟ್ ಫೋಟೋಗೆ ಜನ ಬರುತ್ತಾರೆ. ಮಾತು ಅಲ್ಲಲ್ಲಿ ತುಂಡಾದರೆ ಸಹಿಸಿಕೋ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಚೀಟಿ ದುಡ್ಡು 45 ಸಾವಿರ ಬಂದಿದೆ. ನೀನು ಎರಡು ಪ್ರೀ ವೆಡ್ಡಿಂಗ್ ಶೂಟ್ ಮಾಡಿ ಕೂಡಿಟ್ಟಿದ್ದು 15 ಸಾವಿರ. ಒಟ್ಟು 60. ಇಎಂಐ ಬೇಡ. ನಿಮ್ಮಪ್ಪ "ಇನ್ನೊಂದು ಹತ್ತು ಹಾಕೋಣ ಬಿಡು" ಅಂತಾರೆ. ಆ ಹತ್ತು ಎಲ್ಲಿಂದ ಬರುತ್ತೆ ಅಂತ ಮಾತ್ರ ಹೇಳುವುದಿಲ್ಲ.

ಪಟ್ಟಿಯಲ್ಲಿ ನೀನು ಒಂದೊಂದರ ಪ್ರೊಸೆಸರ್ ಬರೆದಿದ್ದೀಯ, ಗ್ರಾಫಿಕ್ಸ್ ಕಾರ್ಡ್ ಬರೆದಿದ್ದೀಯ, ತೂಕ ಬರೆದಿದ್ದೀಯ. ಕೀಬೋರ್ಡಿಗೆ ಲೈಟ್ ಇದೆಯೋ ಇಲ್ಲವೋ ಅದನ್ನೂ ಬಿಟ್ಟಿಲ್ಲ. ಸ್ಕ್ರೀನ್ ಬಗ್ಗೆ ಮಾತ್ರ ಒಂದೇ ಸಾಲು: "15.6 ಇಂಚು, ಫುಲ್ ಎಚ್‌ಡಿ." ಅದನ್ನು ಓದಿದ ತಕ್ಷಣ ನನಗೆ ಆ ಕೆಂಪು ಸೀರೆ ನೆನಪಾಯಿತು.

ನಿನಗೆ ಪೂರ್ತಿ ಗೊತ್ತಿಲ್ಲ ಈ ಕಥೆ. ನೀನಾಗ ಆರನೇ ಕ್ಲಾಸು. ಮದುವೆ ಸೀಸನ್ ನಡುವೆಯೇ ಸ್ಟುಡಿಯೋದ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಆಲ್ಬಂ ಕೊಡುವ ದಿನ ಹತ್ತಿರ ಬಂದಿತ್ತು. ಕಡಿಮೆಗೆ ಸಿಕ್ಕಿತು ಅಂತ ಒಂದು ಲ್ಯಾಪ್‌ಟಾಪ್ ತಂದೆವು. ಮಿಷನ್ ಒಳ್ಳೆಯದೇ, ಕೆಲಸ ಬೇಗ ಆಗುತ್ತಿತ್ತು. ರಾತ್ರಿ ನೀನು ಮಲಗಿದ ಮೇಲೆ ಅಡುಗೆಮನೆ ಕಟ್ಟೆಯ ಮೇಲಿಟ್ಟುಕೊಂಡು ಡಿಸೈನ್ ಮಾಡುತ್ತಿದ್ದೆ. ಹುಡುಗಿಯ ಧಾರೆ ಸೀರೆ ಕಡುಗೆಂಪು, ಅಂಗೈ ಅಗಲದ ಜರಿ ಅಂಚು. ಆದರೆ ಸ್ಕ್ರೀನಿನಲ್ಲಿ ಅದು ಹತ್ತು ಸಲ ಒಗೆದ ಸೀರೆ ಥರ ಮಾಸಲಾಗಿ ಕಾಣುತ್ತಿತ್ತು. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಸ್ವಲ್ಪ ಏರಿಸಿದೆ. ಸಾಲದು ಅನ್ನಿಸಿತು. ಇನ್ನೂ ಸ್ವಲ್ಪ ಏರಿಸಿದೆ. ಈಗ ಸರಿ ಅಂದುಕೊಂಡು 20 ಶೀಟೂ ಲ್ಯಾಬಿಗೆ ಕಳಿಸಿದೆ.

ಆಲ್ಬಂ ಬಂತು. ಬಿಚ್ಚಿ ನೋಡಿದರೆ ಸೀರೆಯಲ್ಲಿ ನೆರಿಗೆಯೇ ಇಲ್ಲ. ಕುಂಕುಮದ ಭರಣಿ ಮಗುಚಿದ ಹಾಗೆ ಬರೀ ಕೆಂಪು. ಜರಿ ಎಲ್ಲಿ ಮುಗಿಯಿತು, ರೇಷ್ಮೆ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಪಾಪ, ಮದುಮಗನ ಮುಖವಂತೂ ಜ್ವರ ಬಂದವರ ಹಾಗೆ. ಲ್ಯಾಬಿನವರ ತಪ್ಪು ಏನೂ ಇರಲಿಲ್ಲ, ಫೈಲಿನಲ್ಲಿ ಇದ್ದದ್ದನ್ನೇ ಅವರು ಪ್ರಿಂಟ್ ಹಾಕಿದ್ದರು. ಎಲ್ಲಾ ಮತ್ತೆ ಮಾಡಿ ನಮ್ಮ ಕೈಯಿಂದಲೇ ದುಡ್ಡು ಹಾಕಿ ಪ್ರಿಂಟ್ ಮಾಡಿಸಿದೆವು. ಆ ಮದುವೆಯಲ್ಲಿ ನಮಗೆ ಉಳಿದದ್ದು ಊಟ ಮಾತ್ರ.

ಆಮೇಲೆ ಕಾರಣ ಹುಡುಕಿದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ವಿವರದಲ್ಲಿ ಕೆಳಗೆ, ಯಾರೂ ಓದದ ಜಾಗದಲ್ಲಿ "45% ಎನ್‌ಟಿಎಸ್‌ಸಿ" ಅಂತ ಇರುತ್ತೆ. ಎನ್‌ಟಿಎಸ್‌ಸಿ ಅನ್ನುವುದು 1953ರಲ್ಲಿ ಅಮೆರಿಕದವರು ಕಲರ್ ಟಿವಿಗೆ ಮಾಡಿಕೊಂಡ, ಎಷ್ಟು ಬಣ್ಣ ತೋರಿಸಬಹುದು ಅನ್ನುವ ಅಳತೆ. ಅದು ನಮಗೆ ಬೇಕಿಲ್ಲ. ನಮಗೆ ಬೇಕಾದದ್ದು ಎಸ್‌ಆರ್‌ಜಿಬಿ, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು. ನಮ್ಮ ಲ್ಯಾಬಿನವರು ಕೇಳುವ ಫೈಲೂ ಅದೇ, ಫೋನಿಗೆ ಹೋಗುವ ಫೋಟೋನೂ ಬಹುಪಾಲು ಅದೇ. 45% ಎನ್‌ಟಿಎಸ್‌ಸಿ ಅಂದರೆ ಎಸ್‌ಆರ್‌ಜಿಬಿಯಲ್ಲಿ ಇರುವ ಬಣ್ಣದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಾತ್ರ ಆ ಸ್ಕ್ರೀನಿಗೆ ತೋರಿಸಲು ಬರುತ್ತೆ. ಕಡುಗೆಂಪು ಫೈಲಿನಲ್ಲಿ ಇತ್ತು. ಸ್ಕ್ರೀನಿಗೆ ತೋರಿಸುವ ತಾಕತ್ತು ಇರಲಿಲ್ಲ. ನಾನು ಸ್ಕ್ರೀನಿನ ಕಾಯಿಲೆಗೆ ಫೋಟೋಗೆ ಔಷಧಿ ಕುಡಿಸಿದೆ.

ಅದಕ್ಕೇ ಹೇಳುವುದು, ಅಂಗಡಿಯಲ್ಲಿ ನಿನ್ನ ಮೊದಲ ಪ್ರಶ್ನೆ "ಇದು 100% ಎಸ್‌ಆರ್‌ಜಿಬಿನಾ?" ಅಂತಲೇ ಇರಲಿ. ಕೆಲವರು "72% ಎನ್‌ಟಿಎಸ್‌ಸಿ" ಅಂತ ಬರೆದಿರುತ್ತಾರೆ, ಅದೂ ಸುಮಾರು ಅಷ್ಟೇ, ಪರವಾಗಿಲ್ಲ. ಐಪಿಎಸ್ ಅಂತ ಬರೆದಿದ್ದ ಮಾತ್ರಕ್ಕೆ ಬಣ್ಣ ಒಳ್ಳೆಯದು ಅಂದುಕೊಳ್ಳಬೇಡ. ಐಪಿಎಸ್ ಅಂದರೆ ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ ಅಂತ ಅಷ್ಟೇ. 45% ಇರುವ ಐಪಿಎಸ್ ಸ್ಕ್ರೀನುಗಳು ಬೇಕಾದಷ್ಟಿವೆ. ಬೆಳಕು 300 ನಿಟ್ಸ್ ಇದ್ದರೆ ಒಳ್ಳೆಯದು. ನಿನ್ನ ರೂಮಿನ ಕಿಟಕಿ ಪಕ್ಕ ಮಧ್ಯಾಹ್ನ ಕೂತರೆ 250 ಸಾಲುವುದಿಲ್ಲ.

ನಿನ್ನ ಪಟ್ಟಿಗೆ ಬರೋಣ.

ಮೊದಲನೆಯದು ಗೇಮಿಂಗ್ ಲ್ಯಾಪ್‌ಟಾಪ್, ಆರ್‌ಟಿಎಕ್ಸ್ 3050 ಕಾರ್ಡ್ ಇರುವುದು. ನಿನ್ನ ಫ್ರೆಂಡ್ಸ್ ಎಲ್ಲಾ ಇದನ್ನೇ ಹೇಳಿರುತ್ತಾರೆ. ಲೈಟ್‌ರೂಮಿನಲ್ಲಿ 2023ರಲ್ಲಿ ಬಂದ, ಫೋಟೋದ ಕಾಳು ಕಾಳು ತೆಗೆಯುವ ಎಐ ಡಿನಾಯ್ಸ್ ಇದೆಯಲ್ಲ, ಅದಕ್ಕೆ ಇಂಥ ಕಾರ್ಡ್ ಇದ್ದರೆ ಅನುಕೂಲ ನಿಜ. ಕಾರ್ಡ್ ಇಲ್ಲದಿದ್ದರೆ ಒಂದೊಂದು ಫೋಟೋಗೂ ನಿಮಿಷಗಟ್ಟಲೆ ಕಾಯಬೇಕು. ಆದರೆ ದಿನಾ ನೀನು ಮಾಡುವುದು ಎಕ್ಸ್‌ಪೋಷರ್, ಕ್ರಾಪು, ಸ್ಕಿನ್ ಟಚ್ಚು. ಅದಕ್ಕೆ ಈ ಕಾರ್ಡ್ ಬೇಕಾಗಿಲ್ಲ. ಇದರ ಸ್ಕ್ರೀನ್ ವಿವರ ನಾನು ಹುಡುಕಿ ನೋಡಿದೆ. 144 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತೆ ಅನ್ನುವ ಲೆಕ್ಕ) ಅಂತ ದೊಡ್ಡದಾಗಿ, 45% ಅಂತ ಸಣ್ಣದಾಗಿ. ಬೇಡ.

ಎರಡನೆಯದು ಓಎಲ್‌ಇಡಿ. ಬಣ್ಣದಲ್ಲಿ ಇದಕ್ಕೆ ಸಮ ಇಲ್ಲ, ಕಪ್ಪು ಅಂದರೆ ನಿಜವಾಗಿ ಕಪ್ಪು. ನನಗೂ ಆಸೆ ಆಯಿತು. ಆದರೆ ಇದರ ಒಳಗಿರುವ ಪ್ರೊಸೆಸರ್ ರೈಜನ್ 5 7520ಯು. ಹೆಸರು ಕೇಳಿದರೆ 7530ಯುಗೆ ಅಣ್ಣನೋ ತಮ್ಮನೋ ಅನ್ನಿಸುತ್ತೆ. ಮೂರನೇ ಅಂಕಿ ನೋಡು. 7520ರಲ್ಲಿ ಅದು 2, ಅಂದರೆ ಹಳೇ ಝೆನ್ 2 ವಿನ್ಯಾಸ, ನಾಲ್ಕು ಕೋರ್. 7530ರಲ್ಲಿ ಅದು 3, ಝೆನ್ 3, ಆರು ಕೋರ್. ಹತ್ತರ ವ್ಯತ್ಯಾಸ ಅಂದುಕೊಂಡರೆ ಮೋಸ ಹೋಗುತ್ತೀಯ. ಇನ್ನೂ ದೊಡ್ಡ ತೊಂದರೆ, ತೆರೆದ ಫೈಲುಗಳನ್ನು ಕೆಲಸದ ವೇಳೆ ಹಿಡಿದಿಡುವ ಇದರ 8 ಜಿಬಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು. ಆಮೇಲೆ ಹೆಚ್ಚಿಸಲು ಬರುವುದಿಲ್ಲ.

ರ್‍ಯಾಮ್ ಯಾಕೆ ಅಂತ ಕೇಳಿದೆಯಲ್ಲ, ಲೆಕ್ಕ ನೀನೇ ಹಾಕು. ನಾವು ಮಾಡುವ ಕರಿಜ್ಮಾ ಆಲ್ಬಂನ ಒಂದು ಶೀಟ್ 12x36 ಇಂಚು. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಹಿಡಿದರೆ 3600 ಸಲ 10800, ಸುಮಾರು 3 ಕೋಟಿ 89 ಲಕ್ಷ ಚುಕ್ಕೆ. ಒಂದು ಚುಕ್ಕೆಗೆ ಮೂರು ಬೈಟ್. ಪೂರ್ತಿ ಶೀಟಿನ ಒಂದು ಲೇಯರ್‌ಗೇ ಸುಮಾರು 117 ಎಂಬಿ ಆಯಿತು. ಹಿನ್ನೆಲೆ, ಹೂವು, ಆರು ಫೋಟೋ, ನೆರಳು ಅಂತ ಸೇರಿಸುತ್ತಾ ಹೋಗು. ಮೇಲೆ ಫೋಟೋಶಾಪ್ ತನ್ನ ಹಿಸ್ಟರಿ ಇಟ್ಟುಕೊಳ್ಳಬೇಕು. ವಿಂಡೋಸ್‌ಗೆ ಅದರದ್ದೇ ಪಾಲು. ನಿನ್ನ ಬ್ರೌಸರಿನಲ್ಲಿ ಯಾವಾಗಲೂ ನಲವತ್ತು ಟ್ಯಾಬ್ ತೆರೆದಿರುತ್ತೆ. 8 ಜಿಬಿ ಎಲ್ಲಿ ಸಾಲುತ್ತೆ? 16 ಬೇಕೇ ಬೇಕು. ಇವತ್ತು ಆಗದಿದ್ದರೂ ಆಮೇಲೆ ಹಾಕಿಸುವ ಹಾಗಾದರೂ ಇರಬೇಕು.

ಅದನ್ನು ಅಂಗಡಿಯಲ್ಲೇ ನೋಡಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅಲ್ಲಿ ಮೆಮೊರಿ ಒತ್ತು. ಕೆಳಗೆ ಫಾರ್ಮ್ ಫ್ಯಾಕ್ಟರ್ ಅಂತ ಇರುತ್ತೆ. ಎದುರಿಗೆ "ಎಸ್‌ಒಡಿಐಎಂಎಂ" ಅಂತ ಇದ್ದರೆ ತೆಗೆದು ಹಾಕುವ ಕಡ್ಡಿ. "ರೋ ಆಫ್ ಚಿಪ್ಸ್" ಅಂತ ಇದ್ದರೆ ಬೆಸುಗೆ. "ಸ್ಲಾಟ್ಸ್ ಯೂಸ್ಡ್ 1 ಆಫ್ 2" ಅಂತ ಕಂಡರೆ ಒಂದು ಜಾಗ ಖಾಲಿ ಇದೆ, ಒಳ್ಳೆಯದು. ಅಂಗಡಿಯವರು "ಎಲ್ಲಾ ಆಗುತ್ತೆ ಮೇಡಂ" ಅಂತಾರೆ. ಅವರ ಮಾತಿಗಿಂತ ಆ ಎರಡು ಸಾಲು ನಂಬು.

ಮೂರನೆಯದು ನೀನು ಕೊನೆಯಲ್ಲಿ, ಮನಸ್ಸಿಲ್ಲದೆ ಬರೆದ ಬೂದು ಬಣ್ಣದ್ದು. "ಲುಕ್ ಚೆನ್ನಾಗಿಲ್ಲ" ಅಂತ ಬೇರೆ ಸೇರಿಸಿದ್ದೀಯ. 7530ಯು, 8 ಜಿಬಿ, ಒಂದು ಸ್ಲಾಟ್ ಖಾಲಿ, 512 ಜಿಬಿ ಎಸ್‌ಎಸ್‌ಡಿ, 100% ಎಸ್‌ಆರ್‌ಜಿಬಿ, 300 ನಿಟ್ಸ್. ನನ್ನ ಮನಸ್ಸು ಇದರ ಮೇಲೆ. ಉಳಿದ ದುಡ್ಡಿನಲ್ಲಿ ಇನ್ನೊಂದು 8 ಜಿಬಿ ಕಡ್ಡಿ ಹಾಕಿಸು. ಎರಡು ಕಡ್ಡಿ ಸೇರಿದರೆ ಒಳಗಿನ ಗ್ರಾಫಿಕ್ಸೂ ಚುರುಕಾಗುತ್ತೆ.

ನಿನಗೆ ಒಳಗೊಳಗೇ ಆ್ಯಪಲ್ ಆಸೆ ಇದೆ ಅಂತ ಗೊತ್ತು. 2020ರ ಎಂ1 ಮ್ಯಾಕ್‌ಬುಕ್ ಏರ್ ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಸ್ಕ್ರೀನ್ 400 ನಿಟ್ಸ್, ಬಣ್ಣ ಎಸ್‌ಆರ್‌ಜಿಬಿಗಿಂತಲೂ ಜಾಸ್ತಿ. ಆ ಸ್ಕ್ರೀನಿಗೆ ನಾನು ಒಂದು ಮಾತೂ ಎದುರಾಡುವುದಿಲ್ಲ. ಆದರೆ ನಮ್ಮ ದುಡ್ಡಿಗೆ ಬರುವುದು 8 ಜಿಬಿ ಮೆಮೊರಿ, ಫೈಲು ಇಡಲು 256 ಜಿಬಿ ಇರುವುದು, ಎರಡೂ ಹಾಗೇ ಖಾಯಂ. ಒಂದು ಮದುವೆಯ 2000 ರಾ ಫೈಲು (ಕ್ಯಾಮೆರಾದ ತಿದ್ದದ ಮೂಲ ಫೈಲು), ಒಂದೊಂದು 25ರಿಂದ 30 ಎಂಬಿ ಅಂದರೂ 50–60 ಜಿಬಿ. ಎರಡು ಮದುವೆ ಹಾಕುವಷ್ಟರಲ್ಲಿ ಉಸಿರು ಕಟ್ಟುತ್ತೆ.

ನಿಮ್ಮಪ್ಪನದ್ದು ಇನ್ನೊಂದು ಐಡಿಯಾ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕಂಪನಿಗಳು ಬಿಟ್ಟ ಹಳೇ ಥಿಂಕ್‌ಪ್ಯಾಡ್ ತಗೊಂಡು, ಉಳಿದ ದುಡ್ಡಿಗೆ 24 ಇಂಚಿನ ಒಳ್ಳೇ ಐಪಿಎಸ್ ಮಾನಿಟರ್ ಹಾಕು ಅಂತ. ಲೆಕ್ಕ ತಪ್ಪೇನಲ್ಲ. ಮನೆಯಲ್ಲೇ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಿನ್ನ ಪಿಜಿ ಟೇಬಲ್ ಮೇಲೆ ತಟ್ಟೆ ಇಟ್ಟರೆ ಪುಸ್ತಕ ಇಡಲು ಜಾಗ ಇಲ್ಲ. ಹಳೇದೇ ತಗೊಳ್ಳುವ ಹಾಗಾದರೆ ಇಂಟೆಲ್‌ನಲ್ಲಿ 8ನೇ ಜನರೇಶನ್‌ಗಿಂತ ಕೆಳಗಿನದು ಬೇಡ, ಅದಕ್ಕೆ ವಿಂಡೋಸ್ 11 ಕೊಡುವುದಿಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾವೂ ಒಂದು ಕಾಲದಲ್ಲಿ ಕ್ರ್ಯಾಕ್ ಫೋಟೋಶಾಪ್ ಹಾಕಿಸಿಕೊಂಡವರೇ. ಅದರ ಜೊತೆ ಬಂದ ವೈರಸ್ ಮೂರು ಮದುವೆಯ ಫೋಟೋ ತಿಂದುಹಾಕಿತು. ಡಾರ್ಕ್‌ಟೇಬಲ್, ಜಿಂಪ್ ಅಂತ ಫೋಟೋ ತಿದ್ದುವ ಸಾಫ್ಟ್‌ವೇರ್ ಇವೆ, ಎರಡೂ ಪುಕ್ಕಟೆ. ಕಲಿಯಲು ಒಂದು ತಿಂಗಳು ತಲೆನೋವು, ಆಮೇಲೆ ಕೈ ಹತ್ತುತ್ತೆ.

ಈಗಷ್ಟೇ ಒಬ್ಬರು ಹಳೇ ಫೋಟೋ ಒಂದನ್ನು ದೊಡ್ಡದು ಮಾಡಿಸಲು ಬಂದಿದ್ದರು. ಹಿಂದೆ ನಿನ್ನ ತಾತನ ರಬ್ಬರ್ ಸ್ಟ್ಯಾಂಪು ಇತ್ತು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಪೇಪರ್ ಇರಬೇಕು. ತಾತ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ತೊಳೆದರೆ ಒದ್ದೆ ಪ್ರಿಂಟನ್ನು ಟ್ರೇ ಸಮೇತ ಹಿತ್ತಲಿಗೆ ತರುತ್ತಿದ್ದರು. ಕೆಂಪು ದೀಪದಲ್ಲಿ ಪ್ರಿಂಟ್ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತೆ. ಅದನ್ನು ನೋಡಿ ಡೆವಲಪರಿನಿಂದ ಬೇಗ ಎತ್ತಿದರೆ ಹೊರಗೆ ಸಪ್ಪೆ. ತೆಂಗಿನ ಮರದ ಕೆಳಗೆ ನಿಂತು ಕಣ್ಣು ಕಿರಿದು ಮಾಡಿ ನೋಡಿ, "ಇನ್ನೊಂದು ಹಾಕಬೇಕು" ಅಂದು ಒಳಗೆ ಹೋಗುತ್ತಿದ್ದರು. ನನಗೆ ಮದುವೆಯಾದ ಹೊಸತು, ಇವರಿಗೇನು ಹುಚ್ಚಾ ಅಂದುಕೊಂಡಿದ್ದೆ.

ನೀನು ಹೋದ ದೀಪಾವಳಿಯಲ್ಲಿ ತಿದ್ದಿದ ಅಜ್ಜಿ ಫೋಟೋ ನೀಲಿ ಹೊಡೆದಿದ್ದು ನೆನಪಿದೆಯಾ? ನೀನು ರಾತ್ರಿ ನೈಟ್ ಲೈಟ್ ಹಾಕಿಕೊಂಡು ಕೂತಿದ್ದೆ. ಸ್ಕ್ರೀನ್ ಹಳದಿ, ನೀನು ಅದಕ್ಕೆ ನೀಲಿ ತುಂಬಿದೆ. ಹೊಸದು ಬಂದ ದಿನವೇ ನೈಟ್ ಲೈಟು, ವಿವಿಡ್, ಐ ಕೇರ್ ಅಂತ ಬಣ್ಣ ಬದಲಿಸುವ ಸೆಟ್ಟಿಂಗ್ ಎಲ್ಲಾ ಆಫ್ ಮಾಡು. ಬ್ರೈಟ್‌ನೆಸ್ ಪೂರ್ತಿ ಇಟ್ಟು ಕತ್ತಲಲ್ಲಿ ಎಡಿಟ್ ಮಾಡಬೇಡ, ಪ್ರಿಂಟ್ ಕಪ್ಪು ಬರುತ್ತೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಸ್ಕ್ರೀನಿನ ಬಿಳಿ ಸುಮಾರು ಅದರಷ್ಟೇ ಕಾಣುವ ಹಾಗೆ ಇಳಿಸಿಕೋ.

ಡಬ್ಬಿಯ ತಳದಲ್ಲಿ, ಎಣ್ಣೆ ಹತ್ತದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ. ಅದರಲ್ಲಿ ಮೂರು ಫೋಟೋ. ಆ ಕೆಂಪು ಸೀರೆ, ಸರಿ ಮಾಡಿದ್ದು. ತಾತ ತೆಗೆದ ಕಪ್ಪುಬಿಳುಪು ದೇವಸ್ಥಾನ. ಬಿಳಿಯಿಂದ ಕಪ್ಪಿನವರೆಗೆ ಹೋಗುವ ಒಂದು ಬೂದು ಪಟ್ಟಿ, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಆ ಸ್ಕ್ರೀನ್ ಬೇಡ. ಸೀರೆಯ ಪ್ರಿಂಟ್ ಎರಡೂ ಕಾಗದದ ಜೊತೆ ಇವೆ, ಕೆಟ್ಟದ್ದೂ ಒಳ್ಳೆಯದ್ದೂ. ಅಂಗಡಿಯವರು ಹಾಕಿಟ್ಟ ಜಗಮಗ ವಿಡಿಯೋ ನಿಲ್ಲಿಸಿ ಈ ಫೋಟೋ ತೆರೆಯಲು ಹೇಳು. ಒಳ್ಳೆಯ ಪ್ರಿಂಟನ್ನು ಬಾಗಿಲ ಬಳಿ ಬೆಳಕಿಗೆ ಹಿಡಿದು ನೋಡು, ಆಮೇಲೆ ಸ್ಕ್ರೀನ್ ನೋಡು. ಸೆರಗಿನ ಹತ್ತಿರ ಮೂರು ನೆರಿಗೆ ಕಾಣಬೇಕು. ಬೇಡ ಅಂದರೆ ನಾಚಿಕೊಳ್ಳದೆ ಎದ್ದು ಬಾ, ಮೈಸೂರಿನಲ್ಲಿ ಅಂಗಡಿ ಒಂದೇ ಅಲ್ಲ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ಒಪ್ಪಬೇಡ, ವಾರಂಟಿಗೆ ಬಿಲ್ ಬೇಕು.

ಭಾನುವಾರ ಅಪ್ಪ ದುಡ್ಡು ಹಾಕುತ್ತಾರೆ. ಅಂಗಡಿಯಿಂದಲೇ ಫೋನ್ ಮಾಡು, ಎಷ್ಟು ನೆರಿಗೆ ಕಂಡಿತು ಹೇಳು. ಡಬ್ಬಿ ಅತ್ತೆಯದ್ದು, ಪಿಜಿಯಲ್ಲಿ ಕಳೆದುಹಾಕಬೇಡ.

ನಿನ್ನ ಅಮ್ಮ