ಕೋಟೆ ನೋಡಿ ಮರಳುವವರಿಗೆ ಚೌಬಾರಾ ಬಜಾರವನ್ನೂ ತೋರಿಸೋಣ

ಮಾನ್ಯ ಸಂಪಾದಕರಿಗೆ,

ಬೀದರಿನ ಹಳೇ ಊರಿನಲ್ಲಿ 29 ವರ್ಷ ಟಪಾಲು ಹಂಚಿದವನು ನಾನು. ಚೌಬಾರಾ ಎಂಬ ಹಳೇ ಕಾವಲು ಗೋಪುರದ ಸುತ್ತಲಿನ ಯಾವ ಓಣಿ ಎಲ್ಲಿ ಹೊರಳುತ್ತದೆ, ಯಾವ ಮನೆಯ ಕಟ್ಟೆಗೆ ಎಷ್ಟೊತ್ತಿಗೆ ನೆರಳು ಬರುತ್ತದೆ ಎಂಬುದೆಲ್ಲ ನನ್ನ ಕಾಲಿಗೇ ಗೊತ್ತು. ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಪತ್ರಿಕೆಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಬರೆಯಲೇಬೇಕೆನ್ನಿಸಿದ ಕಾರಣ, ಏಳು ಸಮುದ್ರದಾಚೆಯ ಒಂದು ಸಂತೆ ಊರು.

ನನ್ನ ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್ ಆಗಿದ್ದಾಳೆ. ಕಳೆದ ಅಕ್ಟೋಬರಿನಲ್ಲಿ ನಾನೂ ನಮ್ಮ ಮನೆಯವರೂ ಅವಳಲ್ಲಿಗೆ ಹೋಗಿದ್ದೆವು. ಒಂದು ಶುಕ್ರವಾರ ಅವಳಿಗೆ ರಜೆ. "ಅಪ್ಪಾ, ಲಂಡನ್ ಎಲ್ಲಾರೂ ನೋಡ್ತಾರ. ನಿಮಗ ಒಂದು ಹಳೇ ಸಂತಿ ಊರು ತೋರಸ್ತೀನಿ, ನಡೀರಿ" ಅಂದಳು. ಶ್ರೂಸ್‌ಬರಿಯಲ್ಲಿ ರೈಲು ಬದಲಿಸಿ ಲಡ್ಲೋ ಎಂಬ ಊರಿನಲ್ಲಿ ಇಳಿದೆವು. ವೇಲ್ಸ್ ಗಡಿಯ ಹತ್ತಿರ, ಟೀಮ್ ನದಿಯ ದಂಡೆಯ ದಿಬ್ಬದ ಮೇಲೆ ಕುಳಿತ ಊರು ಅದು. ಜನಸಂಖ್ಯೆ ನಮ್ಮ ಒಂದು ಹೋಬಳಿ ಊರಿನಷ್ಟೂ ಇಲ್ಲ, ಹತ್ತು ಹನ್ನೊಂದು ಸಾವಿರವಷ್ಟೇ.

ಸ್ಟೇಷನ್ನಿನಿಂದ ಏರು ದಾರಿ. ನಮ್ಮವರಿಗೆ ಮೊಣಕಾಲು ನೋವು, ನಡುವೆ ಎರಡು ಸಲ ಕುಳಿತು ಹೋದೆವು. ಮೇಲೆ ಚೌಕಕ್ಕೆ ಬಂದು ನಿಂತಾಗ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಂದೆ ಕೋಟೆಯ ಬಾಗಿಲು, ಎದುರಿಗೆ ಸಂತೆ, ಸಂತೆಯಾಚೆ ಇಕ್ಕಟ್ಟಾದ ಓಣಿಗಳು, ಓಣಿಗಳ ತಲೆಯ ಮೇಲೆ ಒಂದು ಎತ್ತರದ ಗೋಪುರ. "ಅಪ್ಪಾ, ನಮ್ಮ ಚೌಬಾರಾದಾಗ ನಿಂತಂಗ ಅನಸ್ಲಿಲ್ಲೇನ್ರಿ?" ಅಂದಳು. ಅನ್ನಿಸಿತು. ಆ ದಿನವೆಲ್ಲ ಅದೇ ಅನ್ನಿಸುತ್ತಿತ್ತು.

ಆ ಕೋಟೆಯನ್ನು ಕಟ್ಟಿದ್ದು ಹನ್ನೊಂದನೇ ಶತಮಾನದ ಕೊನೆಗೆ, ಡಿ ಲೇಸಿ ಎಂಬ ನಾರ್ಮನ್ ಮನೆತನ. ಕೋಟೆಯ ಮುಂದೆಯೇ ಸಂತೆಯ ಜಾಗ ಬಿಟ್ಟು, ಸೂತ್ರ ಹಿಡಿದಂತೆ ಬೀದಿಗಳನ್ನು ಹಾಕಿ ಊರು ಬೆಳೆಸಿದರು. ಉಣ್ಣೆ, ಬಟ್ಟೆ ವ್ಯಾಪಾರದಿಂದ ದುಡ್ಡು ಬಂತು. ಎಂಟನೇ ಹೆನ್ರಿಯ ಅಣ್ಣ, ಪಟ್ಟಕ್ಕೆ ಬರಬೇಕಾಗಿದ್ದ ರಾಜಕುಮಾರ ಆರ್ಥರ್ ತೀರಿಕೊಂಡದ್ದು 1502ರಲ್ಲಿ ಇದೇ ಕೋಟೆಯೊಳಗೆ. ವೇಲ್ಸ್ ಸೀಮೆಯ ಆಡಳಿತ ನೋಡುತ್ತಿದ್ದ ಮಂಡಳಿಯೂ ಇಲ್ಲಿಯೇ ಇತ್ತು. 1689ರಲ್ಲಿ ಆ ಮಂಡಳಿ ರದ್ದಾದ ಮೇಲೆ ಕೋಟೆ ಪಾಳು ಬಿತ್ತು. ಈಗ ಗೋಡೆಗಳಿವೆ, ಮೇಲೆ ಆಕಾಶವಿದೆ. ನಮ್ಮ ಕೋಟೆಯೊಳಗಿನ ಎಷ್ಟೋ ಮಹಲುಗಳ ಹಾಗೆಯೇ.

ಇನ್ನೊಂದು ಸಂಗತಿ ತಿಳಿದಾಗ ನನ್ನ ಮನಸ್ಸು ಕಲಕಿತು. 1811ರಲ್ಲಿ ಈ ಕೋಟೆಯನ್ನು ಕೊಂಡವನು ಎಡ್ವರ್ಡ್ ಕ್ಲೈವ್, ಬಂಗಾಳವನ್ನು ಈಸ್ಟ್ ಇಂಡಿಯಾ ಕಂಪನಿಗೆ ಗೆದ್ದುಕೊಟ್ಟ ರಾಬರ್ಟ್ ಕ್ಲೈವನ ಮಗ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಇವನೇ. ಕೋಟೆ ಇಂದಿಗೂ ಆ ವಂಶದವರದ್ದೇ. ಅದನ್ನು ಕೇಳಿ ಸ್ವಲ್ಪ ಹೊತ್ತು ಹುಲ್ಲಿನ ಮೇಲೆ ಸುಮ್ಮನೆ ಕುಳಿತುಬಿಟ್ಟೆ.

ಆದರೆ ನಾನು ಹೇಳಬೇಕಾದದ್ದು ಕೋಟೆಯ ಮಾತಲ್ಲ, ಸಂತೆಯ ಮಾತು. ಅರಸರು ಹೋದರು, ಮಂಡಳಿ ಹೋಯಿತು, ಛಾವಣಿ ಹೋಯಿತು, ಸಂತೆ ಮಾತ್ರ ನಿಲ್ಲಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಈಗಲೂ ಅದೇ ಚೌಕದಲ್ಲಿ ಬಟ್ಟೆಯ ಚಪ್ಪರ ಹಾಕಿಕೊಂಡು ಕೂರುತ್ತಾರೆ. ಸೇಬು, ಚೀಸು, ಬ್ರೆಡ್ಡು, ಹಳೆಯ ಪುಸ್ತಕ, ಹೂಗಿಡದ ಕುಂಡ. ಉಳ್ಳಾಗಡ್ಡಿ ತಪ್ಪಲಿನಂತೆಯೇ ಇದ್ದು ಮುಂಗೈಯಷ್ಟು ದಪ್ಪನೆಯ ಲೀಕ್ ಎಂಬ ತರಕಾರಿಯನ್ನು ನಮ್ಮವರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಚೌಕದ ನಡುವೆ 1880ರ ದಶಕದಲ್ಲಿ ಕಟ್ಟಿದ ದೊಡ್ಡ ಇಟ್ಟಿಗೆಯ ಮಾರುಕಟ್ಟೆ ಕಟ್ಟಡವೊಂದಿತ್ತಂತೆ. 1986ರಲ್ಲಿ ಅದನ್ನು ಕೆಡವಿದ ಮೇಲೆ ಸಂತೆ ಮತ್ತೆ ಬಯಲಿಗೆ ಬಂತು. ಚೌಕದಿಂದ ನಾಲ್ಕು ಹೆಜ್ಜೆ ಮುಂದೆ ಬಟರ್‌ಕ್ರಾಸ್. 1740ರ ದಶಕದ ಕಲ್ಲಿನ ಕಟ್ಟಡ. ಕೆಳಗೆ ಕಂಬಗಳ ನಡುವೆ ತೆರೆದ ನೆರಳು, ಮೇಲೆ ಕೋಣೆ, ಅದರ ಮೇಲೆ ಗಡಿಯಾರ. ಹಳ್ಳಿಯವರು ಬೆಣ್ಣೆ ತಂದು ಮಾರುತ್ತಿದ್ದ ಜಾಗ ಅದು.

ಗೋಪುರ ಕಂಡಿತು ಎಂದೆನಲ್ಲ, ಅದು ಸೇಂಟ್ ಲಾರೆನ್ಸ್ ಚರ್ಚಿನದು. ಎತ್ತರ ಸುಮಾರು 135 ಅಡಿ. ಒಳಗೆ ಹಾಡುವವರು ಕೂರುವ ಮರದ ಪೀಠಗಳಿವೆ, ಮೇಲಕ್ಕೆ ಮಡಚುವಂಥವು. ಪ್ರಾರ್ಥನೆ ದೀರ್ಘವಾದರೆ ನಿಂತವರು ಸ್ವಲ್ಪ ಒರಗಲೆಂದು ಮಡಚಿದ ಪೀಠದ ಅಡಿಗೆ ಒಂದು ಚಿಕ್ಕ ಚಾಚು. ಆ ಚಾಚಿನ ಕೆಳಗೆ ಕೆತ್ತನೆ. ಅಲ್ಲಿ ಸೇವೆ ಮಾಡುತ್ತಿದ್ದ ಒಬ್ಬ ಅಜ್ಜಿ, ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಸಂಬಳವಿಲ್ಲದೆ ವಾರಕ್ಕೊಮ್ಮೆ ಬಂದು ನಿಲ್ಲುತ್ತಾರಂತೆ, ನಮ್ಮನ್ನು ಕರೆದುಕೊಂಡು ಹೋಗಿ ಒಂದು ಪೀಠ ಎತ್ತಿ ತೋರಿಸಿದರು. 600 ವರ್ಷದ ಓಕ್ ಮರ, ಕಪ್ಪಾಗಿ ಕೈ ಸವರಿ ನುಣುಪಾಗಿದೆ. ಅಂಗೈ ಎರಡು ಜೋಡಿಸಿದಷ್ಟು ಜಾಗದಲ್ಲಿ ಒಂದು ಇಡೀ ಕತೆ. ದೆವ್ವವೊಂದು ಒಬ್ಬ ಹೆಂಗಸನ್ನು ತಲೆಕೆಳಗಾಗಿ ಹೆಗಲ ಮೇಲೆ ಹಾಕಿಕೊಂಡು ನರಕದ ಬಾಯಿಗೆ ಒಯ್ಯುತ್ತಿದೆ. ಅವಳ ಕೈಯಲ್ಲಿನ್ನೂ ಹೂಜಿ ಇದೆ. ಇನ್ನೊಂದು ದೆವ್ವ ಸುರುಳಿ ಬಿಚ್ಚಿ ಅವಳ ಪಾಪದ ಲೆಕ್ಕ ಓದುತ್ತಿದೆ, ಮತ್ತೊಂದು ವಾದ್ಯ ಊದುತ್ತಿದೆ. ಅವಳು ಬಿಯರ್ ಮಾರುವವಳು. ಅವಳ ತಪ್ಪೇನು? ಅಳತೆಯಲ್ಲಿ ಮೋಸ.

ನಾನು ಅಲ್ಲಿಂದ ಬೇಗ ಏಳಲಿಲ್ಲ. ನಮ್ಮಪ್ಪ ಬಂಡಿಯಲ್ಲಿ ತೊಗರಿ ಹೇರಿಕೊಂಡು ಗಂಜ್ ಮಾರುಕಟ್ಟೆಗೆ ಬರುತ್ತಿದ್ದ. ಸಂಜೆ ಮನೆಗೆ ಬಂದು ಪಟಗ ಬಿಚ್ಚಿಟ್ಟು "ಇವತ್ತೂ ತೂಕದಾಗ ತಿಂದ್ರು" ಎನ್ನುತ್ತಿದ್ದ. ಯಾವ ಅಡತಿ ಅಂಗಡಿ ಎಂದು ಹೇಳುತ್ತಿರಲಿಲ್ಲ, ಮತ್ತೆ ಅಲ್ಲಿಗೇ ಹೋಗಬೇಕಲ್ಲ. ಆ ಊರಿನ ಜನ ಸಂತೆಯ ಆ ಸಂಕಟವನ್ನು ದೇವರ ಮನೆಯೊಳಗೇ ಕೆತ್ತಿಟ್ಟುಕೊಂಡಿದ್ದಾರೆ. ಆ ಮರದ ತುಂಡು ಉಳಿದಿರುವುದಕ್ಕೆ ನಾನು ಅಷ್ಟು ದೂರದಿಂದ ಹೋಗಿ ನಮ್ಮಪ್ಪನನ್ನು ನೆನೆದೆ.

ಊರು ಹೀಗೆ ಉಳಿದದ್ದು ತಾನಾಗಿಯೇ ಅಲ್ಲ. ಅಲ್ಲಿ 1947ರ ಯೋಜನಾ ಕಾಯ್ದೆಯಿಂದೀಚೆಗೆ ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಪದ್ಧತಿ ಗಟ್ಟಿಯಾಗಿದೆ. ಅರಮನೆ, ಚರ್ಚು ಮಾತ್ರವಲ್ಲ, ಕಟುಕನ ಅಂಗಡಿ, ಬಾಡಿಗೆ ಮನೆ, ಹೋಟೆಲು ಕೂಡ ಪಟ್ಟಿಗೆ ಸೇರುತ್ತವೆ. ಲಡ್ಲೋ ಊರೊಂದರಲ್ಲೇ ಇಂಥವು ಸುಮಾರು 500. ಮಾಲೀಕ ಮಾಲೀಕನೇ, ಮಾರಬಹುದು, ವಾಸ ಮಾಡಬಹುದು, ಅಂಗಡಿ ನಡೆಸಬಹುದು. ಆದರೆ ಕೆಡವಬೇಕಾದರೆ, ಚಹರೆ ಬದಲಿಸಬೇಕಾದರೆ ಅನುಮತಿ ಬೇಕು. ಊರಿನ ಏಳು ಹೆಬ್ಬಾಗಿಲುಗಳಲ್ಲಿ ಈಗ ಉಳಿದಿರುವುದು ಬ್ರಾಡ್ ಗೇಟ್ ಒಂದೇ. ಅದರ ಮೇಲೆ ಮನೆ ಕಟ್ಟಿದ್ದಾರೆ, ಕಮಾನಿನ ಕೆಳಗೆ ಕಾರು ಹೋಗುತ್ತವೆ. 1619ರ ಮರದ ಚೌಕಟ್ಟಿನ ಫೆದರ್ಸ್ ಎಂಬ ಹೋಟೆಲಿನ ಮುಂಭಾಗವನ್ನು ನೋಡುತ್ತ ಜನ ಬೀದಿಯಲ್ಲೇ ನಿಲ್ಲುತ್ತಾರೆ. ನನ್ನ ಕಣ್ಣು ಹೋದದ್ದು ಬಾಗಿಲುಗಳಿಗೆ. ಹಳೆಯ ಬಾಗಿಲಿಗೂ ಟಪಾಲು ಹಾಕಲು ಹಿತ್ತಾಳೆಯ ಸೀಳು. ಕೆಂಪು ಅಂಗಿಯ ಪೋಸ್ಟ್‌ಮ್ಯಾನ್ ಒಬ್ಬ ಗಾಡಿ ತಳ್ಳಿಕೊಂಡು ಬಂದು ಒಂದೊಂದು ಸೀಳಿಗೂ ಬಗ್ಗಿ ಪತ್ರ ಹಾಕುತ್ತಿದ್ದ. ಮಗಳ ಕೈಲಿ ಹೇಳಿಸಿದೆ, ನಾನೂ ಇದೇ ಕೆಲಸದವನು ಎಂದು. ಅವನು ಚೀಲ ಇಳಿಸಿ ಕೈ ಕುಲುಕಿದ.

ಅಲ್ಲಿ ಎಲ್ಲವೂ ಸರಿ ಎಂದು ನಾನು ಹೇಳುವುದಿಲ್ಲ. ಅಷ್ಟು ಚಂದದ ಬ್ರಾಡ್ ಸ್ಟ್ರೀಟಿನ ಎರಡೂ ಬದಿಗೆ ಕಾರುಗಳು ಇರುವೆ ಸಾಲಿನಂತೆ ನಿಂತಿರುತ್ತವೆ. ಸಂಜೆಯಾದರೆ ಅಂಗಡಿಗಳೆಲ್ಲ ಮುಚ್ಚಿ ಬೀದಿ ಭಣಭಣ. ನಮ್ಮ ಚೌಬಾರಾದಲ್ಲಿ ರಾತ್ರಿ ಹತ್ತಕ್ಕೂ ಚಹಾ ಸಿಗುತ್ತದೆ, ಜೀವ ಇರುತ್ತದೆ.

ಈಗ ನಮ್ಮ ಊರಿನ ಮಾತು. ಬಹಮನಿ ಸುಲ್ತಾನ ಅಹಮದ್ ಶಹಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದು ಸರಿಸುಮಾರು 600 ವರ್ಷವಾಯಿತು. ಕೋಟೆಯಿಂದ ಹೊರಬಿದ್ದರೆ ಒಂದೇ ದಾರಿಯಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾ, ತಖ್ತ್-ಎ-ಕಿರ್ಮಾನಿ, ಆಮೇಲೆ ನಾಲ್ಕು ಬೀದಿ ಕೂಡುವಲ್ಲಿ ಚೌಬಾರಾ, 71 ಅಡಿಯ ಕಾವಲು ಗೋಪುರ. ಸುತ್ತ ಊರಗೋಡೆ, ಅದಕ್ಕೆ ಶಹಾಗಂಜ್, ಮಂಗಲಪೇಟ್, ಫತೇ ಎಂದು ದರವಾಜೆಗಳು. 1657ರಲ್ಲಿ ಔರಂಗಜೇಬನ ಸೈನ್ಯ ಕೋಟೆ ಹಿಡಿಯಿತು, ನಂತರ ನಿಜಾಮರು ಬಂದರು, ಅವರೂ ಹೋದರು. ಬಜಾರ ಮಾತ್ರ ಒಂದು ದಿನವೂ ಬಾಗಿಲು ಹಾಕಲಿಲ್ಲ. ಇದಕ್ಕಿಂತ ದೊಡ್ಡ ಪ್ರೇಕ್ಷಣೀಯ ಸ್ಥಳ ಬೇರೆ ಬೇಕೆ?

ಆದರೆ ಹೈದರಾಬಾದಿನಿಂದ ಬರುವ ಪ್ರವಾಸಿಗರ ಗಾಡಿ ಏನು ಮಾಡುತ್ತದೆ? ಕೋಟೆಯಲ್ಲಿ ಒಂದೂವರೆ ತಾಸು, ಮದರಸಾದ ಮುಂದೆ ಫೋಟೊ, ನಾನಕ್ ಝೀರಾ ಗುರುದ್ವಾರ, ಅಷ್ಟೂರಿನ ಗೋರಿಗಳು, ವಾಪಸ್. ನಡುವಿನ ಊರು ಅವರ ಪಾಲಿಗೆ ಕೇವಲ ಟ್ರಾಫಿಕ್ಕು. ಮದರಸಾದಿಂದ ಚೌಬಾರಾಕ್ಕೆ ನಡೆದರೆ ಐದಾರು ನಿಮಿಷ. ಆ ದಾರಿಯಲ್ಲೇ ಬಿದರಿ ಅಂಗಡಿಗಳಿವೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೇ ಗೋಡೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದುತ್ತಾರೆ. ಮಳೆ, ಬಿಸಿಲು ಕಾಣದ ಆ ಮಣ್ಣಿಗೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೋಟೆಯ ಮಣ್ಣು ಬಜಾರದ ಅನ್ನವಾಗುವ ಊರು ಬೇರೆಲ್ಲಿದೆ? ಈ ಕಸುಬಿಗೆ 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮನ್ನಣೆ ಬಂತು, 2023ರಲ್ಲಿ ಶಹಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೂ ಆ ಹೂಜಿ, ಹೂದಾನಿ ಮಾಡುವ ಜಾಗಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಒಂದು ಬೋರ್ಡು ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮಲ್ಲೂ ಕಾನೂನಿದೆ. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು, ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷೇಧ, ಅದರಾಚೆಗೆ ಇನ್ನೂ 200 ಮೀಟರಿನವರೆಗೆ ಅನುಮತಿ ಕಡ್ಡಾಯ ಎಂದು ಮಾಡಿದರು. ಆ ನಿಯಮ ಸ್ಮಾರಕಕ್ಕೆ ಬೇಲಿ ಹಾಕುತ್ತದೆ. ಬೇಲಿಯೊಳಗಿರುವ ನನ್ನ ನೆರೆಯವನಿಗೆ ಸೋರುವ ಮಾಳಿಗೆ ರಿಪೇರಿ ಮಾಡಿಸಲೂ ಕಾಗದ ಹಿಡಿದು ಅಲೆದಾಟ. ಬೇಲಿಯ ಹೊರಗಿರುವ ಇನ್ನೂರು ವರ್ಷದ ಮನೆಯನ್ನು ಒಂದೇ ವಾರದಲ್ಲಿ ನೆಲಸಮ ಮಾಡಿದರೂ ಕೇಳುವವರಿಲ್ಲ.

ಇದು ಬಾಯಿಮಾತಲ್ಲ. ನನ್ನ ಬೀಟಿನಲ್ಲಿ ಒಂದು ಮನೆಯಿತ್ತು. ಸಾಗವಾನಿ ಬಾಗಿಲು, ಚೌಕಟ್ಟಿನ ತುಂಬ ಬಳ್ಳಿ, ಬಳ್ಳಿಯ ನಡುವೆ ಎರಡು ಗಿಳಿ, ಒಂದರ ಕೊಕ್ಕು ಮುರಿದಿತ್ತು. ಪ್ರತಿ ತಿಂಗಳು ಆ ಹೊಸ್ತಿಲ ಮೇಲೆ ಕುಳಿತು ಆ ಮನೆಯ ಅಮ್ಮನಿಗೆ ಮನಿಆರ್ಡರ್ ಎಣಿಸಿ ಕೊಡುತ್ತಿದ್ದೆ, ಆಕೆ ನನಗೆ ನೀರಿನ ಜೊತೆ ಬೆಲ್ಲ ಕೊಡುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಮನೆ ಮಾರಾಟವಾಯಿತು. ಕೆಡವುತ್ತಾರೆಂದು ಗೊತ್ತಾದಾಗ ಓಣಿಯ ಏಳು ಜನ ಸಹಿ ಮಾಡಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು, ಬಾಗಿಲನ್ನಾದರೂ ಉಳಿಸಿರೆಂದು. ಉತ್ತರ ಬರಲಿಲ್ಲ. ನಾನು ಇಂಗ್ಲೆಂಡಿನಿಂದ ಬಂದು ನೋಡಿದರೆ ಅಲ್ಲಿ ರೋಲಿಂಗ್ ಶಟರಿನ ಎರಡು ಮಳಿಗೆ. ಬಾಗಿಲು ಗುಜರಿಗೆ ಹೋಯಿತಂತೆ. ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಆ ಬಾಗಿಲಿಗೆ ಬೆಲೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬೀದರಿನ ಸ್ಮಾರಕಗಳು 2014ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಅದು ಖಾಯಂ ಆಗುವ ದಿನಕ್ಕೆ ಕಾಯುತ್ತ ಕೂರುವುದು ಬೇಡ. ಜಿಲ್ಲಾಡಳಿತ, ನಗರಾಡಳಿತದವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಮೊದಲು ಹಳೇ ಊರಿನ ಮನೆ, ಅಂಗಡಿ, ಬಾವಿ, ಕಮಾನುಗಳ ಪಟ್ಟಿಯಾಗಲಿ. ಪಟ್ಟಿಯಲ್ಲಿರುವ ಮನೆಯವರಿಗೆ ತೆರಿಗೆಯಲ್ಲಿ ರಿಯಾಯಿತಿ, ರಿಪೇರಿಗೆ ಸಹಾಯ ಸಿಗಲಿ. ಇಲ್ಲದಿದ್ದರೆ ಪಟ್ಟಿ ಬಡವನ ಕುತ್ತಿಗೆಗೆ ಉರುಳಾಗುತ್ತದೆ. ಮದರಸಾದಿಂದ ಚೌಬಾರಾವರೆಗೆ ನಡೆಯುವವರಿಗೆ ಪಾದಚಾರಿ ಮಾರ್ಗ, ಕನ್ನಡದಲ್ಲೂ ಉರ್ದುವಿನಲ್ಲೂ ಬೋರ್ಡು, ಹೆಂಗಸರಿಗೆ ಒಂದು ಸ್ವಚ್ಛ ಶೌಚಾಲಯ. ಲಡ್ಲೋದ ಸಂತೆಯಿಂದ ಹತ್ತು ಹೆಜ್ಜೆಯಲ್ಲಿ ಶೌಚಾಲಯ ಸಿಕ್ಕಾಗ ನಮ್ಮವರು ಹೇಳಿದ ಮೊದಲ ಮಾತು, "ನಮ್ಮೂರಾಗ ಇದೊಂದು ಇದ್ರ ನಾನೂ ದಿನಾ ಬಜಾರಕ್ಕ ಬರ್ತಿದ್ದೆ" ಎಂದು. ಮತ್ತೆ, ಅಭಿವೃದ್ಧಿಯ ಹೆಸರಲ್ಲಿ ತಳ್ಳುಗಾಡಿಯವರನ್ನು ಎಬ್ಬಿಸಬಾರದು. ಅವರಿಲ್ಲದ ಚೌಬಾರಾ ಬರೀ ಒಂದು ಕಂಬ.

ಪಟ್ಟಿ ಮಾಡಲು ದುಡ್ಡಿಲ್ಲ, ಜನವಿಲ್ಲ ಎನ್ನುವುದಾದರೆ ಕೆಲಸ ನಾನಾಗಲೇ ಶುರು ಮಾಡಿದ್ದೇನೆ. ಊರಿಗೆ ಬಂದ ಮರುವಾರದಿಂದ ದಿನಾ ಬೆಳಿಗ್ಗೆ ನನ್ನ ಹಳೇ ಬೀಟಿನಲ್ಲಿ ತಿರುಗಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮನೆ ನಂಬರು, ಓಣಿ, ಕಲ್ಲೋ ಮಣ್ಣೋ, ಬಾಗಿಲ ಕೆತ್ತನೆ ಏನು, ಈಗ ಯಾರಿದ್ದಾರೆ ಎಂದು. ಇವತ್ತಿಗೆ 112 ಬಾಗಿಲುಗಳಾಗಿವೆ, ಫತೇ ದರವಾಜೆಯ ಕಡೆ ಇನ್ನೂ ಹೋಗಿಲ್ಲ. ಸಂಬಂಧಪಟ್ಟವರು ಒಬ್ಬರನ್ನು ಕಳಿಸಿದರೆ ನೋಟ್‌ಬುಕ್ ಕೊಡುತ್ತೇನೆ, ಜೊತೆಗೆ ನಡೆದು ತೋರಿಸುತ್ತೇನೆ. ಕಾಲೇಜಿನ ಹುಡುಗರು, ಹುಡುಗಿಯರು ಬಂದರೆ ಇನ್ನೂ ಒಳ್ಳೆಯದು. ಭಾನುವಾರ ಬೆಳಿಗ್ಗೆ ಏಳಕ್ಕೆ ಚೌಬಾರಾದ ಕೆಳಗೆ ಇರುತ್ತೇನೆ.

ಇಂತಿ ತಮ್ಮ ಓದುಗ,
ನಿವೃತ್ತ ಪೋಸ್ಟ್‌ಮ್ಯಾನ್, ಹಳೇ ಊರು, ಬೀದರ್