ಬಿಲ್‌ನಲ್ಲಿ ಎಸ್‌ಎಂಪಿಎಸ್ ಯಾವುದೆಂದು ಬರೆದಿದೆಯೇ?

ಮಾನ್ಯ ಸಂಪಾದಕರೇ,

ಮಕ್ಕಳ ಓದಿಗೆ ಕಂಪ್ಯೂಟರ್ ಕೊಳ್ಳುವವರು ಕಂಪನಿಯದ್ದು ತರೋಣವೋ, ಬಿಡಿ ಭಾಗಗಳನ್ನು ಜೋಡಿಸಿ ಅಸೆಂಬಲ್ ಮಾಡಿಸೋಣವೋ ಎಂದು ಬೆಲೆ ಹೋಲಿಸಿಯೇ ತೀರ್ಮಾನಿಸುತ್ತಾರೆ. ನಾಲ್ಕನೇ ವರ್ಷ ಒಂದು ಭಾಗ ಕೆಟ್ಟರೆ ಅದು ಎಲ್ಲಿ ಸಿಗುತ್ತದೆ ಎಂದು ಮೊದಲೇ ವಿಚಾರಿಸುವವರು ಕಡಿಮೆ.

ಕಂಪನಿ ಡೆಸ್ಕ್‌ಟಾಪ್‌ನ ಪಕ್ಕದ ಮುಚ್ಚಳ ತೆಗೆಸಿ, ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್ ನೋಡಿ. ಮಾರುಕಟ್ಟೆಯ ಎಸ್‌ಎಂಪಿಎಸ್‌ಗೆ 24 ಪಿನ್. ಇಲ್ಲಿ ಅನೇಕ ಮಾದರಿಗಳಲ್ಲಿ 6 ಅಥವಾ 10 ಪಿನ್, ಪೆಟ್ಟಿಗೆಯ ಅಳತೆಯೂ ಬೇರೆ. ವಾರಂಟಿ ಮುಗಿದ ಮೇಲೆ ಅದು ಸುಟ್ಟರೆ ಊರಿನ ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ಅದರಲ್ಲಿ ಕೂರುವುದಿಲ್ಲ. ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕೋಣವೆಂದರೆ ಅದಕ್ಕೆ ಬೇಕಾದ ಪ್ರತ್ಯೇಕ ವೈರೂ ಇರುವುದಿಲ್ಲ.

ಅಸೆಂಬಲ್ ಮಾಡಿಸಿದರೆ ಈ ಕಷ್ಟವಿಲ್ಲ, ಆದರೆ ಕೊಟೇಶನ್ನಿನ ಕೊನೆಯ ಸಾಲು ಓದಬೇಕು. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಗೆಲ್ಲ ಹೆಸರು ಬರೆದು, ಕೊನೆಯಲ್ಲಿ 'ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್' ಎಂದು ಮುಗಿಸಿರುತ್ತಾರೆ. ಈ ಎಸ್‌ಎಂಪಿಎಸ್ ಮೇಲೆ ದಪ್ಪಕ್ಷರದಲ್ಲಿ 450 ವಾಟ್ ಎಂದಿದ್ದರೂ ಅದನ್ನು ನಂಬಬೇಡಿ. ಪಕ್ಕದ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್‌ನ ಕೆಳಗೆ ಎಷ್ಟು ಆಂಪಿಯರ್ ಎಂದು ನೋಡಿ. 14 ಎಂದಿದ್ದರೆ, 12 ಗುಣಿಸು 14, ಬರೀ 168 ವಾಟ್. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಿನ ವಿದ್ಯುತ್ ಎಳೆಯುವುದು ಈ 12 ವೋಲ್ಟ್‌ನಿಂದಲೇ. ಕೆಲಸ ಜೋರಾದಾಗ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದು, ಎಸ್‌ಎಂಪಿಎಸ್ ಸುಟ್ಟಾಗ ಮದರ್‌ಬೋರ್ಡೂ ಹೋಗುವುದು ಇಂಥಲ್ಲೇ. ಸಾವಿರ, ಎರಡು ಸಾವಿರ ಹೆಚ್ಚಾದರೂ ವಿದ್ಯುತ್ ದಕ್ಷತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ '80 ಪ್ಲಸ್' ಗುರುತಿನದ್ದನ್ನೇ ಕೇಳಿ ಹಾಕಿಸಿ.

'ಐ7, 16 ಜಿಬಿ' ಎಂಬ ಅಗ್ಗದ ಜಾಹೀರಾತು ಕಂಡರೆ ಪ್ರೊಸೆಸರಿನ ಪೂರ್ತಿ ನಂಬರ್ ಕೇಳಿ. ಐ7-4770 ಎಂದರೆ 2013ರ, 4ನೇ ತಲೆಮಾರಿನದ್ದು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರಾದರೂ ಬೇಕು, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರ‍್ಯಾಮ್ 'ಡಿಡಿಆರ್3' ಎಂಬ ಹಳೆಯ ಬಗೆಯದ್ದಾಗಿದ್ದರೆ ಅಲ್ಲೇ ಬಿಟ್ಟುಬಿಡಿ. ನಂಬರಿನ ಕೊನೆಗೆ 'ಎಫ್' ಇದ್ದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮಾನಿಟರಿನಲ್ಲಿ ಏನೂ ಮೂಡುವುದಿಲ್ಲ.

ಅಸೆಂಬಲ್ಡ್ ಕಂಪ್ಯೂಟರಿಗೆ ಇಡಿಯಾಗಿ ವಾರಂಟಿ ಇಲ್ಲ, ಒಂದೊಂದು ಭಾಗಕ್ಕೂ ಅದನ್ನು ತಯಾರಿಸಿದವರದ್ದೇ ವಾರಂಟಿ. ಹಾಗಾಗಿ ಎಲ್ಲ ಭಾಗಗಳ ಸೀರಿಯಲ್ ನಂಬರ್ ಜಿಎಸ್‌ಟಿ ಬಿಲ್‌ನಲ್ಲೇ ಬರೆಸಿಕೊಳ್ಳಬೇಕು. ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆಯಾದ ಎಸ್‌.ಪಿ. ರಸ್ತೆಯಲ್ಲಿ ಅಗ್ಗವೆಂದು ಕಟ್ಟಿಸಿ ಕಲಬುರಗಿಗೋ ಕಾರವಾರಕ್ಕೋ ಒಯ್ದರೆ, ಪ್ರತಿ ದುರಸ್ತಿಗೂ ಬಸ್ ಚಾರ್ಜು, ಒಂದು ದಿನದ ಕೆಲಸ ಎರಡೂ ಹೋಗುತ್ತವೆ. ಸ್ವಲ್ಪ ಹೆಚ್ಚು ಕೊಟ್ಟು ಜಿಲ್ಲಾ ಕೇಂದ್ರದಲ್ಲೇ ಮಾಡಿಸುವುದು ವಾಸಿ. ಹತ್ತು ಕಂಪ್ಯೂಟರ್ ಬೇಕಾದ ಶಾಲೆ, ಸಹಕಾರ ಸಂಘಗಳಿಗೆ ಮಾತ್ರ ಮೂರು ವರ್ಷದ ಆನ್‌ಸೈಟ್ (ಇದ್ದಲ್ಲಿಗೇ ಬಂದು ದುರಸ್ತಿ ಮಾಡುವ) ವಾರಂಟಿಯ ಕಂಪನಿ ಯಂತ್ರಗಳೇ ಸರಿ. ಅಲ್ಲಿ ಮುಚ್ಚಳ ಬಿಚ್ಚಿ ನೋಡುವವರು ಯಾರೂ ಇರುವುದಿಲ್ಲ.

ಯಾವುದೇ ತಂದರೂ ಅದನ್ನಿಡುವ ಜಾಗದ ಅರ್ತಿಂಗ್ ಮೊದಲು ಪರೀಕ್ಷಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆಂದರೆ ಅರ್ತ್ ಸಿಗುತ್ತಿಲ್ಲ ಎಂದೇ ಲೆಕ್ಕ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ 230 ವೋಲ್ಟ್‌ನ ಸುಮಾರು ಅರ್ಧ ಆ ತಗಡಿಗೆ ಬಂದು ನಿಂತಿರುತ್ತದೆ. ಎಲೆಕ್ಟ್ರಿಷಿಯನ್ ಕೈಲಿ ಅಳೆಸಿದಾಗ ಫೇಸ್‌ಗೂ ಅರ್ತ್‌ಗೂ ನಡುವೆ 230ರ ಆಸುಪಾಸು, ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 3 ವೋಲ್ಟ್‌ನೊಳಗೆ ಬರಬೇಕು. ಬಾರದಿದ್ದರೆ ಅರ್ತಿಂಗ್ ಸರಿಪಡಿಸುವವರೆಗೆ ಹೊಸ ಕಂಪ್ಯೂಟರಿಗೆ ಪ್ಲಗ್ ಹಾಕಬೇಡಿ.

– ಒಬ್ಬ ಹಾರ್ಡ್‌ವೇರ್ ತಂತ್ರಜ್ಞ, ಹಾಸನ